ಮುಖ ಕಾಣದ ತರಗತಿ

ತರಗತಿಯಲ್ಲಿ ಅಧ್ಯಾಪಕನಿಗೆ ದಾರಿ ತೋರುವುದು ವಿದ್ಯಾರ್ಥಿಗಳ ಮುಖ. ಅರ್ಥವಾಗದೆ ಹುಬ್ಬು ಗಂಟಿಕ್ಕಿದರೆ ಆತ ಮತ್ತೊಮ್ಮೆ ವಿವರಿಸುತ್ತಾನೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಕಾಲೇಜುಗಳು ಮುಚ್ಚಿ, ಪಾಠಗಳು ಅಂತರ್ಜಾಲಕ್ಕೆ ಸರಿದಾಗ ಆ ಮುಖಗಳೇ ಮರೆಯಾದವು.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಂತಹ ಊರಿನ ಹುಡುಗಿಗೆ, ಮನೆಮಂದಿಗೆಲ್ಲ ಇರುವ ಒಂದೇ ಫೋನಿನಲ್ಲಿ, ಗಂಟೆಯುದ್ದದ ಉಪನ್ಯಾಸ ಕಡಿಕಡಿದು ಕೇಳಿಸಿದರೆ ದಕ್ಕುವುದೇನು? ಇದನ್ನು ಅರಿಯಲು ಅಧ್ಯಾಪಕನಿಗೆ ಯಂತ್ರದ ಗುಂಡಿಗಳ ಪರಿಚಯವಷ್ಟೇ ಸಾಲದು. ಅವನೂ ಒಮ್ಮೆ ಆ ತುದಿಯಲ್ಲಿ ಕುಳಿತು ಕಲಿಯಬೇಕು. ಕೇಂದ್ರ ಸರ್ಕಾರವು 2018ರಲ್ಲಿ ‘ಸ್ವಯಂ’ ಜಾಲದ ಮೂಲಕ ಆರಂಭಿಸಿದ ‘ಅರ್ಪಿತ್’ ತರಬೇತಿಯು ಅಧ್ಯಾಪಕರನ್ನು ಹಾಗೆ ವಿದ್ಯಾರ್ಥಿಗಳ ಜಾಗದಲ್ಲಿ ಕೂರಿಸಿತು.

ಅಲ್ಲಿ ಕುಳಿತು ಬಂದವನು ಪಾಠವನ್ನು ಕಿರಿದಾಗಿಸಿಯಾನು, ಟಿಪ್ಪಣಿಯನ್ನು ಮೊದಲೇ ಕಳುಹಿಸಿಯಾನು, ನಡುನಡುವೆ ನಿಂತು ಪ್ರಶ್ನಿಸಿಯಾನು. ಕಾಣದ ಮುಖವನ್ನು ಆ ಉತ್ತರಗಳಲ್ಲಿ ಓದಿಕೊಳ್ಳುವುದೇ ಈ ಬೋಧನೆಗೆ ಬೇಕಾದ ನಿಜವಾದ ಸಿದ್ಧತೆ.