ಬಾಣಂತಿಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಾಗ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಗೆ ತನ್ನದೇ ಆದ ಒಂದು ಶಾಸ್ತ್ರವಿತ್ತು. ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗಳು ತವರಿಗೆ ಬಂದಳೆಂದರೆ ಕಿಟಕಿಗೆ ಪರದೆ, ಕಿವಿಗೆ ಹತ್ತಿ, ತಲೆಗೆ ಎಣ್ಣೆ, ಕೂದಲಿಗೆ ಸಾಂಬ್ರಾಣಿಯ ಹೊಗೆ, ಊಟಕ್ಕೆ ಮೆಣಸಿನ ಸಾರು. ಶೀತವಾಗದಂತೆ, ನಂಜಾಗದಂತೆ ಕಾಯುವ ವಿದ್ಯೆ ನಮ್ಮ ಅಜ್ಜಿಯರಿಗೆ ಕರತಲಾಮಲಕವಾಗಿತ್ತು. ಆದರೆ ಅವರೂ ಅಂಜುತ್ತಿದ್ದ, ಹೆಸರೆತ್ತಿದರೆ ದನಿ ತಗ್ಗಿಸುತ್ತಿದ್ದ ರೋಗವೊಂದಿತ್ತು: ಬಾಣಂತಿ ಸನ್ನಿ. ಹೆರಿಗೆಯ ನಂಜಿನಿಂದ ಜ್ವರವೇರಿ ಬಡಬಡಿಸುವುದಕ್ಕೂ ಅದೇ ಹೆಸರು. ಜ್ವರವಿಲ್ಲದೆಯೇ ಬುದ್ಧಿ ಕದಡುವುದಕ್ಕೂ ಅದೇ ಹೆಸರು. ನಾವಿಲ್ಲಿ ಹೇಳಹೊರಟಿರುವುದು ಈ ಎರಡನೆಯದನ್ನು.

ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ಇದು ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ. ಮೊದಲು ನಿದ್ರೆ ಹೋಗುತ್ತದೆ. ಮಗು ಮಲಗಿದ್ದರೂ ತಾಯಿ ಮಲಗಳು. ಆಮೇಲೆ ಅತಿಯಾದ ಮಾತು ಅಥವಾ ಅತಿಯಾದ ಮೌನ, ಇಲ್ಲದ ಅನುಮಾನ, ಇದು ನನ್ನ ಮಗುವೇ ಅಲ್ಲವೆಂಬ ಭ್ರಮೆ. ಹೆತ್ತ ಮೂರನೆಯ ನಾಲ್ಕನೆಯ ದಿನ ಸುಮ್ಮಸುಮ್ಮನೆ ಕಣ್ಣೀರು ಬರುವುದು ಬೇರೆ. ಅದು ಬಹುಮಂದಿಗೆ ಬಂದು ತಾನಾಗಿ ಹೋಗುತ್ತದೆ. ವಾರಗಟ್ಟಲೆ ಕವಿಯುವ ಖಿನ್ನತೆಯೂ ಬೇರೆ. ನಮ್ಮ ದೇಶದಲ್ಲಿ ಸುಮಾರು ಐವರು ತಾಯಂದಿರಲ್ಲಿ ಒಬ್ಬರನ್ನು ಅದು ಕಾಡುತ್ತದೆಂದು ಅಧ್ಯಯನಗಳು ತೋರಿಸಿವೆ. ಸನ್ನಿ ಅಪರೂಪವಾದರೂ ಇವೆಲ್ಲಕ್ಕಿಂತ ತೀವ್ರವಾದದ್ದು. ಅದಕ್ಕೆ ಔಷಧವುಂಟು, ಮತ್ತು ಬಹುಪಾಲು ಮಂದಿ ಪೂರ್ಣವಾಗಿ ಗುಣಹೊಂದುತ್ತಾರೆ.

ಹೀಗಾದಾಗ ಮನೆಯವರು ಮಾಡುತ್ತಿದ್ದುದೇನು? ಮಗುವನ್ನು ಅಜ್ಜಿಯೋ ಚಿಕ್ಕಮ್ಮನೋ ಎತ್ತಿಕೊಳ್ಳುವರು; ಸೀಸೆಯ ಹಾಲು ಮೊದಲಾಗುವುದು. ತಾಯಿಯನ್ನು ಲಾಲ್‌ಬಾಗಿನ ಆಚೆಯ ಮಾನಸಿಕ ಆಸ್ಪತ್ರೆಗೆ ಒಯ್ಯುವರು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಎಳೆಗೂಸಿನ ಪ್ರಾಣದ ಭಯ ಯಾರಿಗಿಲ್ಲ? ಆದರೆ ತಿಂಗಳೊಪ್ಪತ್ತಿನಲ್ಲಿ ತಾಯಿ ಚೇತರಿಸಿಕೊಂಡು ಹಿಂದಿರುಗುವ ವೇಳೆಗೆ ಮಗು ಬೇರೊಬ್ಬರ ತೋಳಿಗೆ ಒಗ್ಗಿರುತ್ತಿತ್ತು. ಅವಳು ಕೈಚಾಚಿದರೆ ನಾಲ್ಕು ಕಣ್ಣುಗಳು ಅವಳ ಕೈಯನ್ನೇ ನೋಡುತ್ತಿದ್ದವು. ಮಗುವಿನ ಸ್ನಾನಕ್ಕೆ ಅವಳು ಬೇಡ, ರಾತ್ರಿ ಅವಳ ಪಕ್ಕದಲ್ಲಿ ಮಲಗಿಸುವುದು ಬೇಡ. ರೋಗ ಒಂದು ಬಾರಿ ವಾಸಿಯಾಗಿರುತ್ತಿತ್ತು. ಅನುಮಾನ ಮಾತ್ರ ವಾಸಿಯಾಗುತ್ತಿರಲಿಲ್ಲ.

ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಹೇಳಿದ್ದು ಈ ಕಥೆಯನ್ನೇ. ಎರಡನೆಯ ಹೆರಿಗೆಯ ಬಳಿಕ ಕಾವೇರಿಗೆ ಬುದ್ಧಿ ಕದಡುತ್ತದೆ. ಗುಣವಾಗಿ ಬಂದವಳನ್ನು ಮನೆಯೂ ನೆರೆಹೊರೆಯೂ ಹುಚ್ಚಿಯೆಂದೇ ಕಾಣುತ್ತವೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿ, ಕಲ್ಪನಾ ಕಾವೇರಿಯಾದಾಗ, ಚಿತ್ರಮಂದಿರದಲ್ಲಿ ಅತ್ತವರೆಷ್ಟೋ ಮಂದಿ. ಅತ್ತು ಮನೆಗೆ ಬಂದು, ಪಕ್ಕದ ಬೀದಿಯ ಕಾವೇರಿಯನ್ನು ಕುರಿತು ಪಿಸುಗುಟ್ಟಿದವರೂ ಅವರಲ್ಲಿ ಇದ್ದಿರಬೇಕು! ತ್ರಿವೇಣಿಯವರು ಈ ಚಿತ್ರವನ್ನು ಕಾಣಲಿಲ್ಲ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು.

ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆಯೇ ಚಿಕಿತ್ಸೆ ಮಾಡಬಾರದೇಕೆ ಎಂಬ ಪ್ರಶ್ನೆ ಹೊಸದಲ್ಲ. 1948ರಲ್ಲಿಯೇ ಲಂಡನ್ನಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಟಾಮ್ ಮೇನ್ ಎಂಬ ವೈದ್ಯರು ತಾಯಿಯೊಡನೆ ಕೂಸನ್ನೂ ಸೇರಿಸಿಕೊಳ್ಳತೊಡಗಿದ್ದರು. ನಮ್ಮಲ್ಲಿ ಅದಕ್ಕೆಂದೇ ಒಂದು ವಾರ್ಡು ತೆರೆದದ್ದು 2009ರಲ್ಲಿ, ನಮ್ಮದೇ ನಿಮ್ಹಾನ್ಸ್‌ನಲ್ಲಿ. ಲಾಲ್‌ಬಾಗಿನ ಆಚೆಯ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಸಂಸ್ಥೆಯೂ ಒಂದುಗೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತೆಂಬುದು ವಾಚಕರಿಗೆ ತಿಳಿದದ್ದೇ. ಡಾ. ಪ್ರಭಾ ಚಂದ್ರ ಅವರ ಮುಂದಾಳುತನದಲ್ಲಿ ಮೊದಲಾದ ಈ ತಾಯಿ-ಮಗು ವಾರ್ಡು ಭಾರತದಲ್ಲಿ ಆ ಬಗೆಯದರಲ್ಲಿ ಮೊದಲನೆಯದು.

ಅಲ್ಲಿ ತಾಯಿಯೊಡನೆ ಮಗು ಮಾತ್ರವಲ್ಲ, ಮನೆಯ ಹೆಂಗಸೊಬ್ಬರೂ ಉಳಿಯುತ್ತಾರೆ, ಸಾಮಾನ್ಯವಾಗಿ ಅವಳ ತಾಯಿ ಅಥವಾ ಅತ್ತೆ. ಈ ಏರ್ಪಾಡು ನಮ್ಮ ಬಾಣಂತನಕ್ಕೆ ಒಪ್ಪುವಂಥದು. ರೋಗ ಉಲ್ಬಣವಾಗಿರುವಾಗ ಮಗುವನ್ನು ಇವರೂ ದಾದಿಯರೂ ನೋಡಿಕೊಳ್ಳುತ್ತಾರೆ; ತಾಯಿಗೆ ರಾತ್ರಿಯ ನಿದ್ರೆ ದೊರೆಯಬೇಕು, ಏಕೆಂದರೆ ನಿದ್ರೆಯೇ ಅರ್ಧ ಔಷಧ. ಮನಸ್ಸು ತಿಳಿಯಾದಂತೆ ಒಂದೊಂದು ಕೆಲಸವಾಗಿ ಅವಳ ಕೈಗೆ ಮರಳುತ್ತದೆ: ಮೊದಲು ದಾದಿಯ ಎದುರಿನಲ್ಲಿ ಮಗುವನ್ನು ಎತ್ತಿಕೊಳ್ಳುವುದು, ಬಳಿಕ ಹಾಲೂಡಿಸುವುದು, ಸ್ನಾನ ಮಾಡಿಸುವುದು, ಜೋಗುಳ ಹಾಡುವುದು. ಮೊಲೆಹಾಲನ್ನು ನಿಲ್ಲಿಸಬೇಕೆಂಬುದೂ ಎಲ್ಲ ಔಷಧಗಳಿಗೆ ಅನ್ವಯಿಸುವ ಮಾತಲ್ಲ. ಅದನ್ನು ವೈದ್ಯರು ಔಷಧ ನೋಡಿ ನಿರ್ಧರಿಸಬೇಕು, ನೆರೆಮನೆಯವರಲ್ಲ. ಮನೆಗೆ ಹೊರಡುವ ವೇಳೆಗೆ ಮಗಳು ಮಗುವನ್ನು ಸಂಭಾಳಿಸಬಲ್ಲಳೆಂಬುದನ್ನು ಜೊತೆಗಿದ್ದ ಹಿರಿಯರು ಕಣ್ಣಾರೆ ಕಂಡಿರುತ್ತಾರೆ. ನನ್ನ ಮಟ್ಟಿಗೆ ಈ ವಾರ್ಡಿನ ಅತಿ ದೊಡ್ಡ ಉಪಕಾರ ಇದೇ. ಔಷಧ ಎಲ್ಲಿಯಾದರೂ ಸಿಕ್ಕೀತು. ಅತ್ತೆಯ ನಂಬಿಕೆ ಅಂಗಡಿಯಲ್ಲಿ ಸಿಕ್ಕುವ ಪದಾರ್ಥವಲ್ಲ.

ಕಾನೂನೂ ಈಗ ತಾಯಿಯ ಪಕ್ಕದಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 21ನೆಯ ಪ್ರಕರಣದಂತೆ, ಮಾನಸಿಕ ಚಿಕಿತ್ಸಾಲಯದಲ್ಲಿರುವ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸತಕ್ಕದ್ದಲ್ಲ. ಮಗುವಿಗೆ ಅಪಾಯವಿದೆಯೆಂದು ಚಿಕಿತ್ಸೆ ನೀಡುವ ಮನೋವೈದ್ಯರಿಗೆ ತೋರಿದರೆ ತಾತ್ಕಾಲಿಕವಾಗಿ ಬೇರಿಡಬಹುದು. ಆಗಲೂ, ಸಿಬ್ಬಂದಿಯ ಅಥವಾ ಮನೆಯವರ ಮೇಲ್ವಿಚಾರಣೆಯಲ್ಲಿ, ತಾಯಿಗೆ ಮಗುವನ್ನು ಕಾಣಲು ಅವಕಾಶವಿರಬೇಕು. 15 ದಿನಗಳಿಗೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು. ಒಂದೇ ಸಮನೆ 30 ದಿನ ಮೀರುವುದಾದರೆ ಪ್ರಾಧಿಕಾರದ ಒಪ್ಪಿಗೆ ಬೇಕು.

ಆದರೆ ಈ ಕಟ್ಟುಪಾಡೆಲ್ಲ ಆಸ್ಪತ್ರೆಗೆ. ಗಾಂಧಿಬಜಾರಿನ ಹಿಂದಿನ ಮನೆಯೊಂದರಲ್ಲಿ ಹಿರಿಯರು ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋದರೆ, ಹದಿನೈದು ದಿನಕ್ಕೊಮ್ಮೆ ಕೇಳುವವರು ಯಾರು? ಆ ಮನೆಯ ಗಂಡನಾದವನೇ ಕೇಳಬೇಕು. ಮಗುವನ್ನು ದೂರವಿಡಬೇಕಾದ ಸಮಯ ಬಂದೇ ಬರುತ್ತದೆಂದಿಟ್ಟುಕೊಳ್ಳೋಣ. ಆಗಲೂ ಏಕೆ ಎಂಬುದನ್ನೂ ಎಷ್ಟು ದಿನ ಎಂಬುದನ್ನೂ ತಾಯಿಗೆ ತಿಳಿಸಿ ಹೇಳಬೇಕು. ದಿನವೂ ಜೊತೆಯಲ್ಲಿದ್ದು ಮಗುವನ್ನು ತೋರಿಸಬೇಕು. ವೈದ್ಯರು ಒಪ್ಪಿದರೆ ಹಾಲು ಬತ್ತದಂತೆ ಹಿಂಡಿ ತೆಗೆಯಲು ನೆರವಾಗಬೇಕು. ಮಗುವಿನ ಹೆಸರನ್ನು ಅವಳಿಲ್ಲದೆ ಗೊತ್ತುಮಾಡಬೇಡಿ. ‘ನಿನ್ನ ಕೈಗೆ ಕೊಡುವುದು ಹೇಗಮ್ಮ?’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಅವಳು ಅದನ್ನು ಮರೆಯಲಾರಳು.

ನಿದ್ರೆಗೆಟ್ಟು ಎರಡು ರಾತ್ರಿಯಾಗಿ ಮಾತು ಹಳಿತಪ್ಪಿದಂತೆ ಕಂಡರೆ ಮಂತ್ರ ತಾಯಿತಗಳಿಗೆ ಓಡದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ತಾಯಿ-ಮಗುವನ್ನು ಒಂಟಿಯಾಗಿ ಬಿಡಬೇಡಿ. ಯಾರನ್ನು ಕೇಳುವುದೆಂದು ತೋಚದಿದ್ದರೆ, 2022ರಲ್ಲಿ ಮೊದಲಾದ ಸರ್ಕಾರದ ಟೆಲಿ-ಮಾನಸ್‌ಗೆ 14416ರಲ್ಲಿ ದೂರವಾಣಿ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನೊಂದು ಮಾತು. ಒಮ್ಮೆ ಸನ್ನಿಯಾದವರಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟಾದರೂ ಮಂದಿಗೆ ಮುಂದಿನ ಹೆರಿಗೆಯಲ್ಲಿ ಅದು ಮರುಕಳಿಸುವುದುಂಟು. ಆದ್ದರಿಂದ ಎರಡನೆಯ ಬಾರಿ ಬಸಿರಾದಾಗ ಹಿಂದಿನದನ್ನು ಬಚ್ಚಿಡದೆ ಹೆರಿಗೆಯ ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ಹೇಳಿ, ಹೆತ್ತ ದಿನದಿಂದಲೇ ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುವರು, ಔಷಧ ಎಂದಿನಿಂದ, ಎಂಬುದನ್ನು ಬಸಿರಿನ ಏಳನೆಯ ತಿಂಗಳ ಒಳಗೇ ಗೊತ್ತುಮಾಡಿಟ್ಟುಕೊಳ್ಳುವುದು ಲೇಸು.