ಲಾರಿಯ ಮೂಟೆ ಇಳಿಸಲು ಆಳು ಕರೆಯುವ ಮೊದಲು



ಮುಂಗಾರಿಗೆ ಮುನ್ನ ನಾಲ್ಕಾರು ಮನೆಯವರು ಕೂಡಿ ಗೊಬ್ಬರ ತರಿಸುವುದು ಒಳ್ಳೆಯದೇ. ಆದರೆ ಸಾಲಿಗ್ರಾಮದಲ್ಲಿ ಲಾರಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲೇ ನಿಂತರೆ, ಮೂಟೆಗಳನ್ನು ಗದ್ದೆಯ ಅಂಚಿನ ಮೇಲೆ ಹೊತ್ತು ತರಬೇಕಾಗುತ್ತದೆ. ಕೂಲಿಯ ತಕರಾರು ಹುಟ್ಟುವುದು ಇಲ್ಲಿಯೇ. ಮೂಟೆ ಎಷ್ಟೆಂದು ಹೇಳಿರುತ್ತೇವೆ, ದಾರಿ ಎಷ್ಟೆಂದು ಹೇಳಿರುವುದಿಲ್ಲ.

ಲೆಕ್ಕ ನೋಡಿರಿ. ಯೂರಿಯಾ ಮೂಟೆಯ ತೂಕ 2018ರಿಂದ 45 ಕಿಲೋ. 100 ಮೂಟೆಗೆ ನಾಲ್ವರು ಆಳುಗಳಾದರೆ ಒಬ್ಬೊಬ್ಬರ ಪಾಲಿಗೆ 25 ಮೂಟೆ, ಅಂದರೆ 1,125 ಕಿಲೋ. ದಾಸ್ತಾನಿನ ಕೋಣೆ ನೂರು ಹೆಜ್ಜೆ ದೂರವಿದ್ದರೆ ಹೋಗಿಬರುವ ನಡಿಗೆ 5,000 ಹೆಜ್ಜೆ. ಅದರಲ್ಲಿ ಅರ್ಧ ಹೊರೆ ಹೊತ್ತೇ.

ಆದುದರಿಂದ:

1. ಹಿಂದಿನ ದಿನವೇ ಆಳುಗಳಿಗೆ ದಾರಿ ತೋರಿಸಿ, ಮೂಟೆಗೆ ಇಷ್ಟೆಂದು ಕೂಲಿ ನಿಶ್ಚಯಿಸಿರಿ.

2. ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಬಾರದು. ಹೆಂಗಸರ ತಲೆಗೆ ಇಡೀ ಮೂಟೆ ಏರಿಸಬಾರದು.

3. ಬಿಸಿಲೇರುವ ಮೊದಲೇ ಆರಂಭಿಸಿರಿ. ನಡುವೆ ಗಂಜಿ, ನೀರು, ವಿಶ್ರಾಂತಿ ಕೊಡಿರಿ.

4. ಆಳು ಹೊರೆ ಹೊತ್ತು ಕಾಯದಂತೆ ಕೋಣೆಯಲ್ಲಿ ಹಲಗೆ ಮೊದಲೇ ಹಾಸಿಡಿರಿ. ನೆಲದ ತೇವ ತಗಲಿದರೆ ಯೂರಿಯಾ ಗಟ್ಟಿಯಾಗುತ್ತದೆ.

5. ಕೆಲಸ ಮುಗಿದ ಕೂಡಲೇ ಕೂಲಿ ಎಣಿಸಿ ಕೊಡಿರಿ.

ಇಂದು ಸೊಂಟ ಉಳುಕಿದವನು ನಾಳೆ ನಾಟಿಗೆ ಬರಲಾರ. ಮನಸ್ಸು ಮುರಿದವನು ಕರೆದರೂ ಬರುವುದಿಲ್ಲ.