ಕಾಕನ ಪೆಟ್ಟಿಗೆ ಮತ್ತು ಮಕ್ಕಳ ಕಪಾಟು: ಮಳೆನಾಡಿನಲ್ಲಿ ಕಾಮಿಕ್ಸ್ ಉಳಿಸಿಕೊಳ್ಳುವುದು ಹೇಗೆ?

ಕಳೆದ ಪೆರ್ನಾಲ್‌ಗೆ ಊರಿಗೆ ಬಂದಿದ್ದ ಕಾಕ ಮಧ್ಯಾಹ್ನದ ಊಟ ಮುಗಿಸಿ ಮಕ್ಕಳನ್ನೆಲ್ಲ ಕರೆದು, "ಬನ್ನಿ, ನಿಮಗೊಂದು ಖಜಾನೆ ತೋರಿಸ್ತೇನೆ" ಎಂದರು. ಕಾಕ ಅಂದರೆ ನಮ್ಮ ದೊಡ್ಡಣ್ಣ. 1991ರ ಆಟಿ ತಿಂಗಳಲ್ಲಿ, ಹೊರಗೆ ಜಡಿಮಳೆ ಸುರಿಯುತ್ತಿದ್ದಾಗ, ದಮ್ಮಾಮ್‌ಗೆ ಹೊರಡುವ ಹಿಂದಿನ ರಾತ್ರಿ ಅವರು ತಮ್ಮ ಕಾಮಿಕ್ಸ್ ಪುಸ್ತಕಗಳನ್ನೆಲ್ಲ ತಗಡಿನ ಪೆಟ್ಟಿಗೆಗೆ ತುಂಬಿಸಿದ್ದರು. ಕನ್ನಡದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಮತ್ತು ಮಾಂಡ್ರೇಕ್, ಅಮರ ಚಿತ್ರ ಕಥೆ, ಡಿಂಗ ಬರುತ್ತಿದ್ದ ಬಾಲಮಂಗಳ, ಚಂದಮಾಮ. ಲೆಕ್ಕ ಬರೆದಿಟ್ಟಿದ್ದರು, ಒಟ್ಟು 243. ಮೇಲಿನಿಂದ ದಪ್ಪ ಪ್ಲಾಸ್ಟಿಕ್ ಸುತ್ತಿ, ಹಗ್ಗ ಬಿಗಿದು, ಬೀಗ ಹಾಕಿ ಅಟ್ಟಕ್ಕೇರಿಸಿದ್ದರು.

ಆಮೇಲೆ ಪ್ರತೀ ವರ್ಷ ಫೋನಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು. "ನನ್ನ ಪೆಟ್ಟಿಗೆ ಉಂಟಲ್ಲಾ?" ನಾವು ಅಟ್ಟದ ಕಡೆಗೆ ಕತ್ತೆತ್ತಿ ನೋಡಿ, ಬೀಗ ಕಂಡರೆ ಸಾಕು, "ಉಂಟುಂಟು, ಜಾಗ್ರತೆ ಉಂಟು" ಎನ್ನುತ್ತಿದ್ದೆವು. ಹಳೆಯ ಹಂಚಿನ ಮನೆ ಕೆಡವಿ ಟೆರೇಸ್ ಮನೆ ಕಟ್ಟಿದಾಗ ಪೆಟ್ಟಿಗೆ ಸ್ಟೋರ್ ರೂಮಿನ ಮೂಲೆಗೆ ಬಂತು. ಕಾಕ ರಜೆಯಲ್ಲಿ ಬಂದಾಗಲೂ ಮದುವೆ, ಆಸ್ಪತ್ರೆ, ಜಾಗದ ಕಾಗದಪತ್ರ ಎಂದು ದಿನ ಕಳೆದು ಹೋಗುತ್ತಿತ್ತು. ಆ ಪೆಟ್ಟಿಗೆಯನ್ನು ಯಾರೂ ತೆರೆದು ನೋಡಿರಲಿಲ್ಲ.

ಬೀಗ ಒಡೆದು ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ಹಸಿ ಮಣ್ಣಿನ ವಾಸನೆ. ತಳದ ಒಂದು ಮೂಲೆ ತುಕ್ಕು ಹಿಡಿದು ತೂತಾಗಿತ್ತು. ಅಲ್ಲಿಂದ ಹತ್ತಿದ ಗೆದ್ದಲು ಒಳಗೆ ಮಣ್ಣಿನ ಗೂಡನ್ನೇ ಕಟ್ಟಿತ್ತು. ಮೇಲಿನ ಎರಡು ಸಾಲು ಮಾತ್ರ ಉಳಿದಿತ್ತು. ಅದರಲ್ಲೂ ಹಲವು ಒಂದಕ್ಕೊಂದು ಅಂಟಿಕೊಂಡು, ಬೂಸ್ಟು ಹಿಡಿದು ಕಪ್ಪು ಚುಕ್ಕೆಯಾಗಿದ್ದವು. ಎಣಿಸಿದರೆ 61. ಕಾಕ ಬೈಯಲಿಲ್ಲ. ಒಂದು ಪುಸ್ತಕದ ಮಣ್ಣು ಒರೆಸುತ್ತಾ, "ನಾನೇ ಮುಚ್ಚಿಟ್ಟು ಕೊಂದೆ ಮಾರಾಯ" ಎಂದಷ್ಟೇ ಹೇಳಿದರು. ಮೂವತ್ತು ವರ್ಷ "ಜಾಗ್ರತೆ ಉಂಟು" ಎಂದ ನಮಗೆ ಮಾತು ಬರಲಿಲ್ಲ.

ಈಗ ಅದೇ ಮನೆಯಲ್ಲಿ ಮಕ್ಕಳ ಕಾಮಿಕ್ಸ್ ದಿನೇ ದಿನೇ ಬೆಳೆಯುತ್ತಿದೆ. ಟಿಂಕಲ್, ಅಮರ ಚಿತ್ರ ಕಥೆ, ಜಪಾನಿನ ಮಾಂಗಾ, ಅಬುಧಾಬಿಯಲ್ಲಿರುವ ಮಾಮ ತಂದುಕೊಡುವ ಅರಬಿ ಪತ್ರಿಕೆ 'ಮಾಜಿದ್'. ಹಾಸಿಗೆಯ ಅಡಿ, ಫ್ರಿಜ್‌ನ ಮೇಲೆ, ಟಿವಿಯ ಹಿಂದೆ, ಎಲ್ಲೆಂದರಲ್ಲಿ. ಇವುಗಳಿಗೂ ಅದೇ ಗತಿ ಬಾರದಿರಲಿ ಎಂದು ಕೇಳಿ, ಓದಿ, ಮಾಡಿ ನೋಡಿ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಮಕ್ಕಳಿರುವ, ಯಾರಾದರೊಬ್ಬರು ಹೊರದೇಶದಲ್ಲಿರುವ ಮನೆಗಳಲ್ಲಿ ಇಂಥ ಒಂದು ಪೆಟ್ಟಿಗೆ ಇರದೆ ಇರುವುದಿಲ್ಲ.

ಕಾಗದಕ್ಕೆ ಎಂತ ಆಗ್ತದೆ?

ಹಳೆಯ ಕಾಮಿಕ್ಸ್‌ಗಳು ಹೆಚ್ಚಾಗಿ ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಬಂದವು. ಮರದ ತಿರುಳಿನ ಈ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು ಮತ್ತು ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ, ಕೊನೆಗೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಬಿಸಿ ಮತ್ತು ತೇವ ಹೆಚ್ಚಿದಷ್ಟೂ ಈ ಕೆಲಸ ಬೇಗ ನಡೆಯುತ್ತದೆ.

ಎರಡನೆಯ ಶತ್ರು ನಡುವಿನ ಪಿನ್ನು. ತೇವದಲ್ಲಿ ಪಿನ್ನಿಗೆ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗುತ್ತದೆ. ಒಂದು ದಿನ ನಡುವಿನ ಹಾಳೆ ಕಳಚಿ ಕೈಗೆ ಬರುತ್ತದೆ.

ಮೂರನೆಯದು ಬೂಸ್ಟು. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಸ್ಟು ಬೆಳೆಯಲು ಶುರು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಿನಗಟ್ಟಲೆ 85ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಪರದೇಶದ ಸಂಗ್ರಹಕಾರರು ಹೇಳುವ ಉಪಾಯಗಳೆಲ್ಲ ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಕಾಕನ ತಪ್ಪು ಎಲ್ಲಿ ಎಂದು ಈಗ ನಮಗೆ ಅರ್ಥವಾಗಿದೆ. ಪ್ಲಾಸ್ಟಿಕ್ ಸುತ್ತಿದ್ದು ತಪ್ಪಲ್ಲ, ಆಟಿಯಲ್ಲಿ ಸುತ್ತಿದ್ದು ತಪ್ಪು. ಮಳೆಗಾಲದ ಕಾಗದ ನೀರು ಕುಡಿದಿರುತ್ತದೆ. ಅದನ್ನು ಬಿಗಿಯಾಗಿ ಮುಚ್ಚಿದರೆ ಆಟಿಯನ್ನೇ ಒಳಗೆ ಮುಚ್ಚಿಟ್ಟ ಹಾಗೆ. ಕಟ್ಟಿಡುವ ಕೆಲಸ ಏನಿದ್ದರೂ ಜನವರಿ, ಫೆಬ್ರವರಿಯಲ್ಲಿ, ಒಣ ಗಾಳಿ ಇರುವಾಗ ಮಾಡಬೇಕು.

ಎಲ್ಲಿಡಬೇಕು, ಎಲ್ಲಿಡಬಾರದು

ನಮ್ಮಲ್ಲಿ ಬೇಡವಾದದ್ದೆಲ್ಲ ಅಟ್ಟಕ್ಕೆ. ಕಾಮಿಕ್ಸ್‌ಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಬೇಸಿಗೆಯಲ್ಲಿ ಹಂಚಿನ ಕಾವು, ಮಳೆಗಾಲದಲ್ಲಿ ಸೋರುವ ನೀರು, ಜೊತೆಗೆ ಇಲಿ. ನೆಲದ ಮೇಲೆ ನೇರವಾಗಿ ಇಡುವುದೂ ಬೇಡ, ಕನಿಷ್ಠ ಅರ್ಧ ಅಡಿ ಎತ್ತರ ಇರಲಿ.

ಕರಾವಳಿಗೆ ಮಳೆ ಬಡಿಯುವುದು ಪಡುವಣ ಮತ್ತು ನೈಋತ್ಯ ದಿಕ್ಕಿನಿಂದ. ಆ ಬದಿಯ ಹೊರಗೋಡೆ ನಾಲ್ಕು ತಿಂಗಳು ಒದ್ದೆಯೇ. ಅದಕ್ಕೆ ಒರಗಿಸಿ ಕಪಾಟು ಇಡಬೇಡಿ. ಬಚ್ಚಲಿನ ಗೋಡೆ, ಅಡುಗೆಮನೆಯ ಗೋಡೆಯೂ ಬೇಡ. ಮನೆಯ ಒಳಗೋಡೆಯೇ ಒಳ್ಳೆಯದು. ಅಲ್ಲೂ ಗೋಡೆಗೂ ಕಪಾಟಿಗೂ ನಡುವೆ ಮೂರು ಬೆರಳು ಜಾಗ ಬಿಟ್ಟರೆ ಗಾಳಿ ಆಡುತ್ತದೆ, ಗೆದ್ದಲಿನ ಮಣ್ಣಿನ ದಾರಿ ಕಾಣಿಸಿಕೊಂಡರೆ ತಕ್ಷಣ ಗೊತ್ತಾಗುತ್ತದೆ.

ಕಿಟಕಿಯ ಬಿಸಿಲು ನೇರ ಬೀಳುವ ಕಡೆ ಇಡಬಾರದು, ಬಣ್ಣ ಹೋಗುತ್ತದೆ. ಗಾಜಿನ ಬಾಗಿಲಿನ ಶೋಕೇಸ್ ನೋಡಲು ಚಂದ, ಆದರೆ ಒಳಗೆ ಒಂದು ಬಟ್ಟೆಯ ಪರದೆ ಹಾಕಿ. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ. ಕಪಾಟಿನೊಳಗೆ ಒಂದಿಟ್ಟರೆ ಊಹೆ ಮಾಡುವ ಕೆಲಸ ತಪ್ಪುತ್ತದೆ.

ಕವರು ಮತ್ತು ಸಿಲಿಕಾ

ಪಾರದರ್ಶಕ ಕವರುಗಳೆಲ್ಲ ಒಂದೇ ಅಲ್ಲ. ಮೆತ್ತಗೆ ಇದ್ದು, ಹೊಸ ರೈನ್‌ಕೋಟಿನ ವಾಸನೆ ಬರುವ ಪಿವಿಸಿ ಕವರು ಬೇಡ. ಅದು ಕಾಲಕ್ರಮೇಣ ಆಮ್ಲ ಬಿಡುತ್ತದೆ, ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ. ಗರಿಗರಿ ಸದ್ದು ಮಾಡುವ ಪಾಲಿಪ್ರೊಪಿಲೀನ್ ಕವರು ಸಾಕು. ಹೊಸ ಅಂಗಿ ಸುತ್ತಿ ಬರುವ ಕವರುಗಳಲ್ಲಿ ಹೆಚ್ಚಿನವು ಇದೇ. ಪಾಲಿಯೆಸ್ಟರ್‌ನ ಮೈಲಾರ್ ಕವರು ಎಲ್ಲಕ್ಕಿಂತ ಒಳ್ಳೆಯದು, ಬೆಲೆ ಹೆಚ್ಚು. ತೀರ ಅಪರೂಪದ ನಾಲ್ಕಾರು ಪುಸ್ತಕಗಳಿಗೆ ಮಾತ್ರ ಸಾಕು. ಹಿಂದೆ ಒಂದು ರಟ್ಟು ಇಟ್ಟರೆ ಪುಸ್ತಕ ಬಾಗುವುದಿಲ್ಲ. ಅದು ಆಮ್ಲರಹಿತ ರಟ್ಟಾಗಿರಬೇಕು. ಬಿಸ್ಕತ್ತು ಪೆಟ್ಟಿಗೆಯ ಕಂದು ರಟ್ಟು ತನ್ನ ಆಮ್ಲವನ್ನೇ ಪುಸ್ತಕಕ್ಕೆ ದಾಟಿಸುತ್ತದೆ.

ಶೂ ಪೆಟ್ಟಿಗೆಯಲ್ಲಿ, ಗಲ್ಫ್‌ನಿಂದ ಬರುವ ಇಲೆಕ್ಟ್ರಾನಿಕ್ ಸಾಮಾನಿನಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಈಗ ನಾವು ಎಸೆಯುವುದಿಲ್ಲ. ಆದರೆ ಒಂದು ಮಾತು: ಸಿಲಿಕಾ ಕೆಲಸ ಮಾಡುವುದು ರಬ್ಬರ್ ಬಿಗಿಯ ಮುಚ್ಚಳವಿರುವ ಡಬ್ಬಿಯಲ್ಲಿ ಮಾತ್ರ. ತೆರೆದ ಕಪಾಟಿನಲ್ಲಿಟ್ಟರೆ ಎರಡೇ ದಿನದಲ್ಲಿ ತುಂಬಿಹೋಗುತ್ತದೆ. ಹಾಗಾಗಿ ದಾರಿ ಎರಡೇ. ಒಂದೋ ಒಣ ತಿಂಗಳಲ್ಲಿ ಬಿಗಿ ಡಬ್ಬಿಗೆ ಹಾಕಿ, ಸಿಲಿಕಾ ಇಟ್ಟು ಮುಚ್ಚಿ. ಇಲ್ಲವೇ ಗಾಳಿಯಾಡುವ ಕಪಾಟಿನಲ್ಲಿಟ್ಟು ಆಗಾಗ ತೆಗೆದು ನೋಡಿ. ಅರ್ಧ ಮುಚ್ಚಿ ಮರೆಯುವುದೇ ಅಪಾಯ. ಬಣ್ಣ ಬದಲಾಗುವ ಸಿಲಿಕಾ ಸಿಕ್ಕಿದರೆ ಒಳ್ಳೆಯದು, ತೇವ ಹೀರಿ ತುಂಬಿತು ಎಂದು ಕಣ್ಣಿಗೇ ತಿಳಿಯುತ್ತದೆ. ಪೊಟ್ಟಣ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ನುಸಿಗುಳಿಗೆಯನ್ನು ನಾವು ಬಿಟ್ಟಿದ್ದೇವೆ. ಅದರ ಹಬೆ ಸಣ್ಣ ಮಕ್ಕಳಿಗೆ ಒಳ್ಳೆಯದಲ್ಲ, ಪುಸ್ತಕ ಓದುವುದು ಅವರೇ ತಾನೇ. ಹಿರಿಯರು ಕಿತಾಬುಗಳ ನಡುವೆ ಕಹಿಬೇವಿನ ಎಲೆ ಇಡುತ್ತಿದ್ದರು. ಇಡುವುದಾದರೆ ಚೆನ್ನಾಗಿ ಒಣಗಿದ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ, ಹಸಿ ಎಲೆಯೇ ತೇವ ತರುತ್ತದೆ. ಎಲೆಯನ್ನು ನಂಬಿ ನೋಡುವುದನ್ನು ನಿಲ್ಲಿಸಬೇಡಿ.

ಇಡುವ ಕ್ರಮ: ಟಿಂಕಲ್‌ನಂಥ ತೆಳು ಪುಸ್ತಕಗಳನ್ನು ಮಲಗಿಸಿ ಹತ್ತು ಹದಿನೈದರ ಸಣ್ಣ ಅಟ್ಟಿ ಮಾಡಿ. ಐದರ ಬೆನ್ನು ಎಡಕ್ಕೆ, ಐದರ ಬೆನ್ನು ಬಲಕ್ಕೆ ಬಂದರೆ ಅಟ್ಟಿ ವಾಲುವುದಿಲ್ಲ. ಮಾಂಗಾದಂಥ ಅಂಟು ಹಾಕಿದ ದಪ್ಪ ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿ. ಸಾಲು ತೀರ ಬಿಗಿಯೂ ಬೇಡ, ಒರಗಿ ಬೀಳುವಷ್ಟು ಸಡಿಲವೂ ಬೇಡ.

ಹುಳ ಕಂಡರೆ, ನೀರು ಬಿದ್ದರೆ

ಬೆಳ್ಳಿಯಂತೆ ಮಿಂಚಿ ಓಡುವ ಸಣ್ಣ ಹುಳ ಕಂಡರೆ ಆ ಸಾಲನ್ನು ಬೇರೆ ಮಾಡಿ. ಗ್ರಂಥಾಲಯಗಳು ಮಾಡುವ ಒಂದು ಉಪಾಯ ಮನೆಯಲ್ಲೂ ನಡೆಯುತ್ತದೆ. ಪುಸ್ತಕಗಳನ್ನು ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹುಳವೂ ಮೊಟ್ಟೆಯೂ ಸಾಯುತ್ತವೆ. ತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ. ನಾವು ಮೊದಲ ಸಲ ಮಾಡಿದಾಗ ಉಮ್ಮ, "ಬಂಗುಡೆಯ ಪಕ್ಕದಲ್ಲಿ ಪುಸ್ತಕವಾ? ಎಂತ ಮಕ್ಕಳಪ್ಪ ನೀವು!" ಎಂದು ಗದರಿಸಿದ್ದರು. ಈಗ ಮೇಲಿನ ಒಂದು ತಟ್ಟೆ ಬಿಟ್ಟುಕೊಟ್ಟಿದ್ದಾರೆ.

ಬೂಸ್ಟು ಫ್ರೀಜರ್‌ಗೆ ಸಾಯುವುದಿಲ್ಲ. ಪುಸ್ತಕವನ್ನು ನೆರಳಲ್ಲಿ ಫ್ಯಾನಿನ ಕೆಳಗೆ ಪೂರಾ ಒಣಗಿಸಿ, ಮನೆಯ ಹೊರಗೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ದಮ್ಮು ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಬಿಸಿಲಿಗೆ ಹರಡುವುದು ಎರಡೂ ಬೇಡ.

ನೀರು ಬಿದ್ದ ಪುಸ್ತಕದಲ್ಲಿ ಕಾಗದ ನೋಡಿ ಕೆಲಸ ಮಾಡಬೇಕು. ನ್ಯೂಸ್‌ಪ್ರಿಂಟ್ ಆದರೆ ಪುಟಗಳ ನಡುವೆ ಬಿಳಿ ಹಾಳೆ ಇಟ್ಟು, ಬದಲಾಯಿಸುತ್ತಾ ಒಣಗಿಸಬಹುದು. ಈಗಿನ ನುಣುಪು ಕಾಗದವಾದರೆ ಒಣಗಲು ಬಿಡುವ ಮೊದಲೇ ಪುಟ ಪುಟ ಬಿಡಿಸಬೇಕು. ಒಣಗಿದರೆ ಇಡೀ ಪುಸ್ತಕ ಒಂದೇ ಇಟ್ಟಿಗೆ. ಒಮ್ಮೆಗೇ ತುಂಬ ಒದ್ದೆಯಾದರೆ ಕವರಿನಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟು, ನಾಲ್ಕು ನಾಲ್ಕು ತೆಗೆದು ಒಣಗಿಸಿ. ಹರಿದ ಹಾಳೆಗೆ ಸೆಲೋಟೇಪ್ ಬೇಡವೇ ಬೇಡ. ಟೇಪು ಉದುರಿದರೂ ಅದರ ಹಳದಿ ಕಲೆ ಉಳಿಯುತ್ತದೆ. ಲ್ಯಾಮಿನೇಶನ್ ಮಾಡಿದರೆ ಮತ್ತೆ ಬಿಡಿಸಲಾಗುವುದಿಲ್ಲ.

ಗೋಡೆಯಲ್ಲಿ ಗೆದ್ದಲಿನ ದಾರಿ ಕಂಡರೆ ಪುಸ್ತಕಕ್ಕೆ ಮದ್ದು ಸಿಂಪಡಿಸಿ ಪ್ರಯೋಜನವಿಲ್ಲ. ಪುಸ್ತಕ ಬೇರೆಡೆಗೆ ಸಾಗಿಸಿ, ಮನೆಗೆ ಮದ್ದು ಹೊಡೆಯುವವರನ್ನು ಕರೆಸಿ.

ಬೆಳೆಯುವ ಸಂಗ್ರಹ, ಮಕ್ಕಳ ಕೈ

ಇಷ್ಟೆಲ್ಲ ಮಾಡಿ ಮಕ್ಕಳಿಗೆ "ಮುಟ್ಟಬೇಡ" ಎಂದರೆ ಅರ್ಥವಿಲ್ಲ. ನಾವು ಎರಡು ಪಾಲು ಮಾಡಿದ್ದೇವೆ. ಕಾಕನ 61 ಮತ್ತು ಈಗ ಸಿಗದ ಕೆಲವು ಬಿಗಿ ಡಬ್ಬಿಯಲ್ಲಿ. ಉಳಿದದ್ದೆಲ್ಲ ಮಕ್ಕಳ ಕೈಗೆಟಕುವ ಕಪಾಟಿನಲ್ಲಿ. ನಿಯಮ ಮೂರೇ: ಗೋಳಿಬಜೆ ತಿಂದ ಕೈ ತೊಳೆದು ಮುಟ್ಟಬೇಕು, ಪುಟದ ಮೂಲೆ ಮಡಚಬಾರದು, ಓದಿದ್ದನ್ನು ಅದೇ ಜಾಗದಲ್ಲಿ ಇಡಬೇಕು.

ದೊಡ್ಡ ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಸಂಚಿಕೆಯ ಸಂಖ್ಯೆ, ವರ್ಷ, ಸ್ಥಿತಿ ಬರೆದಿಟ್ಟಿದ್ದಾಳೆ. ಮುಖಪುಟದ ಫೋಟೋ ಮೊಬೈಲಿನಲ್ಲಿದೆ. ಪಟ್ಟಿ ಮಾಡಿದಾಗಲೇ ಒಂದೇ ಪುಸ್ತಕ ಮೂರು ಸಲ ಕೊಂಡದ್ದು ಗೊತ್ತಾಯ್ತು. ಹೆಚ್ಚಿನ ಪ್ರತಿಗಳು ಪೆರ್ನಾಲ್‌ಗೆ ಬಂದ ಮಕ್ಕಳಿಗೆ ಹೋದವು. ಎರವಲು ಕೊಟ್ಟದ್ದಕ್ಕೂ ಕೊನೆಯ ಪುಟದಲ್ಲಿ ಲೆಕ್ಕ ಉಂಟು. ಕಪಾಟು ತುಂಬಿದರೆ ಹೊಸದು ಬರುವ ಮೊದಲು ಹಳೆಯದೊಂದು ಹೋಗಬೇಕು, ಯಾವುದು ಎಂದು ಮಕ್ಕಳೇ ತೀರ್ಮಾನಿಸುತ್ತಾರೆ.

ಪಟ್ಟಿ ಬರೆಯುತ್ತಾ ಅವಳು ಕೆಲವು ವಿಷಯ ಹುಡುಕಿ ತೆಗೆದಳು. ಟೈಮ್ಸ್ ಸಂಸ್ಥೆಯ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಅಂದರೆ ಕಾಕ ಪೆಟ್ಟಿಗೆ ಕಟ್ಟುವಾಗಲೇ ಅವು ಅಂಗಡಿಯಲ್ಲಿ ಹೊಸದಾಗಿ ಬರುತ್ತಿರಲಿಲ್ಲ. 1967ರಲ್ಲಿ ಅಮರ ಚಿತ್ರ ಕಥೆ, 1980ರಲ್ಲಿ ಟಿಂಕಲ್ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಮಾಮ ತರುವ 'ಮಾಜಿದ್' 1979ರಿಂದ ಬರುತ್ತಿದೆ. "ಇದು ಕಾಕ ದಮ್ಮಾಮ್‌ಗೆ ಹೋಗುವ ಮೊದಲೇ ಇತ್ತು" ಎಂದು ಅವಳಿಗೆ ಆಶ್ಚರ್ಯ.

ಈಗ ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಡಬ್ಬಿ ತೆರೆಯುವ ದಿನ. ಮಳೆ ಜೋರಿದ್ದರೆ ಮೀಟರ್ ನೋಡಿ ಹಾಗೇ ಬಿಡುತ್ತೇವೆ, ಒಣ ದಿನವಾದರೆ ಒಂದೊಂದಾಗಿ ತೆಗೆದು ಪಿನ್ನು, ಬೆನ್ನು, ಮೂಲೆ ನೋಡುತ್ತೇವೆ. ಸಿಲಿಕಾ ಬದಲಾಯಿಸುತ್ತೇವೆ. ಅರ್ಧ ಗಂಟೆಯ ಕೆಲಸ.

ಹೋದ ತಿಂಗಳು ಆ ಹೊತ್ತಿಗೆ ಸರಿಯಾಗಿ ಕಾಕನ ವೀಡಿಯೊ ಕಾಲ್ ಬಂತು. "ನನ್ನ ಪೆಟ್ಟಿಗೆ ಉಂಟಲ್ಲಾ?" ಎಂದು ಕೇಳಿಯೇ ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಹುಡುಗಿ ಫೋನನ್ನು ಡಬ್ಬಿಯ ಕಡೆಗೆ ತಿರುಗಿಸಿ, ಒಂದೊಂದೇ ಮುಖಪುಟ ತೋರಿಸುತ್ತಾ ಎಣಿಸತೊಡಗಿದಳು. ಅರವತ್ತೊಂದು ಮುಗಿಯುವವರೆಗೆ ಕಾಕ ಫೋನ್ ಇಡಲಿಲ್ಲ.